ಕೇಬಲ್ ಕಿತ್ತರೂ ಪಾಸಾದ ಲೈನು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಜಾಸ್ತಿ. ಅದರಲ್ಲೂ ನಾನು ಪಾಸು ಮಾಡಿದ ಲೈನನ್ನು ಯಾರಾದರೂ ಕೆಟ್ಟಿದೆ ಎಂದರೆ ಅದು ಸೀದಾ ನೆತ್ತಿಗೇರುತ್ತದೆ. ಈ ಸಿಟ್ಟಿನ ದೆಸೆಯಿಂದ ಚಂದಾಪುರದ ಒಬ್ಬ ಹೆಣ್ಣುಮಗಳ ಕೆಲಸ ಹೋಗುವುದರಲ್ಲಿತ್ತು. ಅದನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ, ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಗುತ್ತದೆ.

ನೆಟ್‌ವರ್ಕ್ ಲೈನುಗಳು ಸರಿಯಾಗಿ ಓಡುತ್ತಿವೆಯೋ ಇಲ್ಲವೋ ನೋಡಿ ಕಾಗದ ಬರೆದುಕೊಡುವುದು ನನ್ನ ಕಸುಬು. ಮನೆ ವಾಡಿಯಲ್ಲಿ. ನಾನು ಪರೀಕ್ಷೆ ಮಾಡುವ ಸಹಕಾರ ಸಂಘದ ದೊಡ್ಡ ಕಚೇರಿ ಸೇಡಂನಲ್ಲಿದೆ. ವಾಡಿ, ಚಿತ್ತಾಪುರ, ಶಹಾಬಾದ ಮತ್ತು ಚಿಂಚೋಳಿಗೆ ಅಂಟಿಕೊಂಡ ಚಂದಾಪುರದಲ್ಲಿ ಶಾಖೆಗಳಿವೆ. ರೈತರು ಶಾಖೆಗೆ ಬಂದು ಹೆಬ್ಬೆರಳು ಒತ್ತಿ ತೊಗರಿ ಮಾರಾಟಕ್ಕೆ ಹೆಸರು ಬರೆಸುತ್ತಾರೆ, ಆ ಹೆಬ್ಬೆರಳು ಲೈನಿನಲ್ಲಿ ಸೇಡಂ ತನಕ ಹೋಗಿ ಬರಬೇಕು. ಅದಕ್ಕೇ ಖರೀದಿ ಶುರುವಾಗುವ ಮುಂಚೆ ನಾನು ಲೈನು ಪರೀಕ್ಷಿಸುವ ನನ್ನ ಹಳದಿ ಡಬ್ಬಿಯನ್ನು ಬಗಲಿಗೆ ಹಾಕಿಕೊಂಡು ಗಾಡಿ ಹತ್ತುತ್ತೇನೆ. ಚಿತ್ತಾಪುರದಲ್ಲಿ ಒಬ್ಬರು ಹಿರಿಯರು ಈ ಡಬ್ಬಿ ನೋಡಿದ್ದೇ ತಡ, ಅಂಗಿ ತೋಳು ಮಡಚಿ ಕೈ ಮುಂದೆ ಚಾಚಿದ್ದರು. "ಬಿ.ಪಿ. ಎಷ್ಟದ ನೋಡ್ರಿ ಡಾಕ್ಟ್ರ" ಎಂದರು. ನನ್ನ ಬಿ.ಪಿ. ಏರಿತು.

ಪರೀಕ್ಷೆ ಹೇಗೆಂದರೆ, ಈ ತುದಿಯಲ್ಲಿ ಡಬ್ಬಿ ಜೋಡಿಸಬೇಕು, ಆ ತುದಿಯಲ್ಲಿ ಲೂಪ್ ಚುಚ್ಚಬೇಕು. ಲೂಪ್ ಎಂದರೆ ಹೆಬ್ಬೆರಳಿನಷ್ಟು ಒಂದು ಪ್ಲಗ್. ಡಬ್ಬಿ ಕಳಿಸಿದ ಸಿಗ್ನಲ್ಲನ್ನು ಅದು ಹಾಗೆಯೇ ತಿರುಗಿಸಿ ಕಳಿಸುತ್ತದೆ, ಬಾವಿಯೊಳಗೆ ಕೂಗಿದರೆ ಕೂಗು ವಾಪಸ್ ಬರುವ ಹಾಗೆ. ಕಳಿಸಿದ್ದೆಲ್ಲ ತಿರುಗಿ ಬಂದರೆ ಡಬ್ಬಿಯ ಪರದೆ ಹಸಿರಾಗಿ ಪಾಸ್ ಎಂದು ತೋರಿಸುತ್ತದೆ, ಬಾರದಿದ್ದರೆ ಕೆಂಪಾಗುತ್ತದೆ. ಈ ಲೂಪನ್ನು ನಾನು ಎಲ್ಲೆಲ್ಲೋ ಮರೆತು ಬರುತ್ತಿದ್ದೆ. ಒಂದು ಶಹಾಬಾದದ ಫರಸಿ ಕಲ್ಲಿನ ಸಂದಿಯೊಳಗೆ ಬಿದ್ದು ಇವತ್ತಿಗೂ ಅಲ್ಲೇ ಇದೆ. ಕೊನೆಗೆ ನನ್ನ ಹೆಂಡತಿ ದೇವರ ಮುಂದಿದ್ದ ಕೆಂಪು ದಾರ ತಂದು ಉಳಿದಿದ್ದ ಎರಡು ಲೂಪಿಗೂ ಕಟ್ಟಿದಳು. "ಇನ್ನರ ಕಣ್ಣಿಗಿ ಕಾಣ್ತದೇನು ನೋಡ್ರಿ" ಎಂದಳು.

ಆ ವರ್ಷ ಮೂರು ಶಾಖೆ ಮುಗಿದಿದ್ದವು, ಚಂದಾಪುರ ಒಂದೇ ಉಳಿದಿತ್ತು. ಸೇಡಂನಿಂದ ಅಲ್ಲಿಯತನಕ ಹೋಗಿ ಬರುವುದೆಂದರೆ ನನ್ನ ಸೊಂಟಕ್ಕೆ ಶಿಕ್ಷೆ. ನಾನೊಂದು ಉಪಾಯ ಹೂಡಿದೆ. ಒಂದು ಲೂಪನ್ನು ಚೀಟಿಯಲ್ಲಿ ಸುತ್ತಿ ಚಿಂಚೋಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಚಂದಾಪುರ ಶಾಖೆಯ ಕಾವಲುಗಾರನಿಗೆ ಫೋನ್ ಮಾಡಿ, ಇದನ್ನು ಗೋಡೆಯ ಮೇಲಿನ ಲೈನ್ ಡಬ್ಬಿಗೆ ಜೋಡಿಸಬೇಕು ಎಂದು ತಿಳಿಸಿ ಹೇಳಿದೆ. ಹೂಂ ಎಂದ. ನಾನು ಸೇಡಂ ಕಚೇರಿಯಲ್ಲಿ ಕೂತೆ.

ಸೇಡಂ ಕಚೇರಿಯ ಜವಾನರನ್ನು ಎಲ್ಲರೂ ಕಾಕಾ ಅನ್ನುತ್ತಾರೆ. ನಿವೃತ್ತಿಗೆ ಬಂದ ಮನುಷ್ಯ, ಬಂಗಾರದಂಥವರು. ಒಂದೇ ತೊಂದರೆ, ಅವರ ಬಾಯಿಂದ ಇಲ್ಲ ಎಂಬ ಮಾತು ಹೊರಡುವುದಿಲ್ಲ. ಕೇಳಿದವರ ಮನಸ್ಸು ನೋಯುತ್ತದೆ ಎಂಬ ಸಂಕೋಚ. ಮ್ಯಾನೇಜರ್ ಕಲಬುರಗಿಗೆ ಹೋಗಿ ಎರಡು ದಿನವಾಗಿದ್ದರೂ "ಅದಾರ್ರಿ, ಈಗ ಬರ್ತಾರ, ಕುಂದ್ರಿ" ಎಂದು ಚಹಾ ತರಿಸುತ್ತಾರೆ. ಚಂದಾಪುರದ ಲೈನು ಬಂದು ಸೇರುವ ಪೆಟ್ಟಿಗೆ ಸದಾ ಬೆಚ್ಚಗಿರುತ್ತದೆಂದು ತಮ್ಮ ರೊಟ್ಟಿ ಗಂಟನ್ನು ಅದರ ಮೇಲೇ ಇಡುತ್ತಾರೆ.

ದೂರದ ಪರೀಕ್ಷೆಗೆ ಮುಂಚೆ ನನ್ನ ಡಬ್ಬಿ ಸರಿಯಿದೆಯೋ ಎಂದು ನೋಡಬೇಕಲ್ಲ, ಅದಕ್ಕೆ ಡಬ್ಬಿಯನ್ನು ಅದೇ ಪೆಟ್ಟಿಗೆಗೆ ಜೋಡಿಸಿ, ಎರಡನೆಯ ಲೂಪನ್ನು ಪಕ್ಕದ ತೂತಿಗೆ ಚುಚ್ಚಿದೆ. ಡಬ್ಬಿ ಸರಿಯಿತ್ತು. ಅಷ್ಟರಲ್ಲಿ ಕಾಕಾ ಬಂದು ಕೈ ಹಿಡಿದರು. "ಮದಲ ಊಟ ಮಾಡ್ರಿ ಸಾಹೇಬ್ರ, ಲೈನ್ ಎಲ್ಲಿ ಓಡಿ ಹೋಗ್ತದ?" ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಉಂಡು ಎದ್ದು ಬರುವಷ್ಟರಲ್ಲಿ ಉಳಿದ ರೊಟ್ಟಿಯ ಗಂಟು ಪೆಟ್ಟಿಗೆಯ ಮೇಲೆ ಕೂತಿತ್ತು, ಅದರ ಬಟ್ಟೆಯ ಸೆರಗು ಜೋತುಬಿದ್ದು ಆ ತೂತು ಮುಚ್ಚಿತ್ತು. ನನಗೆ ಕಣ್ಣು ಎಳೆಯುತ್ತಿತ್ತು. ಚಂದಾಪುರಕ್ಕೆ ಫೋನ್ ಮಾಡಿ "ಜೋಡ್ಸಿದೇನಪಾ?" ಎಂದೆ. "ಜೋಡ್ಸೀನ್ರಿ ಸಾಹೇಬ್ರ, ಬರೋಬ್ಬರಿ ಜೋಡ್ಸೀನಿ" ಎಂದ ಕಾವಲುಗಾರ. ಗುಂಡಿ ಒತ್ತಿದೆ.

ಹಸಿರೋ ಹಸಿರು! ಕಳಿಸಿದ್ದರಲ್ಲಿ ಒಂದೂ ಕಳೆದಿರಲಿಲ್ಲ. ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಡಬ್ಬಿ ತೋರಿಸುತ್ತದೆ. ಆ ಅಂಕಿ ಎಷ್ಟು ಚಿಕ್ಕದಿತ್ತೆಂದರೆ, ಬುದ್ಧಿ ಇದ್ದವನು ಅಲ್ಲೇ ಅನುಮಾನ ಪಡುತ್ತಿದ್ದ. ನಾನು ಮೀಸೆ ತಿರುವಿದೆ. "ನೋಡ್ರಿ ಕಾಕಾ, ಇಡೀ ಜಿಲ್ಲಾದಾಗ ಇಂಥಾ ಲೈನ್ ಇಲ್ಲ!" ಎಂದೆ. ಕಾಕಾ "ಹೌದ್ರಿ" ಎಂದರು. ವರದಿಯ ಮೇಲೆ ಪಾಸ್ ಎಂದು ಬರೆದು, ಪರೀಕ್ಷೆ ಮಾಡಿದವರು, ಖಾತ್ರಿ ಮಾಡಿಕೊಂಡವರು ಎಂಬ ಎರಡೂ ಜಾಗದಲ್ಲಿ ಎಂದಿನಂತೆ ನಾನೇ ಸಹಿ ಜಡಿದು ಮನೆಗೆ ಹೋದೆ.

ಖರೀದಿ ಶುರುವಾಯಿತು. ಚಂದಾಪುರ ಶಾಖೆಯ ಕಂಪ್ಯೂಟರ್ ನೋಡಿಕೊಳ್ಳುವ ಹೆಣ್ಣುಮಗಳು ಫೋನ್ ಮಾಡಿದಳು. ಕುಂಚಾವರಂ ಕಡೆಯವಳು, ಗುತ್ತಿಗೆ ಮೇಲಿನ ನೌಕರಿ.

"ಸರ, ಲೈನ್ ನಿಂದ್ರವಲ್ದು. ಒಂದು ಹೆಬ್ಬೆಟ್ಟು ಹೋಗ್ತದ, ನಾಕು ಹೋಗಂಗಿಲ್ಲ."

"ನಿಮ್ಮ ಕಂಪ್ಯೂಟರ್ ಕೆಟ್ಟಿರಬೇಕು ತಾಯಿ. ನನ್ನ ಲೈನ್ ಬಂಗಾರ ಅದ."

"ನೀವು ಚೆಕ್ ಮಾಡಿದ ಮರುದಿನದಿಂದನೇ ಹಿಂಗ ಆಗ್ಲಿಕತ್ತದರಿ ಸರ."

ಇದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಪರೀಕ್ಷೆ ಮಾಡಿದ್ದಕ್ಕೇ ಲೈನು ಕೆಟ್ಟಿತು ಅನ್ನುತ್ತಾಳಲ್ಲ, ಎಂಥ ಮಾತು! ಬಾಯಿಗೆ ಬಂದದ್ದು ಅಂದು ಫೋನ್ ಇಟ್ಟೆ. ಎರಡನೆಯ ಸಲ ಮಾಡಿದಾಗಲೂ ಅಷ್ಟೇ. ಮೂರನೆಯ ಸಲ, ಒಂದು ಶುಕ್ರವಾರ, ಅವಳ ದನಿ ಬೇರೆಯಾಗಿತ್ತು.

"ಮ್ಯಾನೇಜರ್ ಸಾಹೇಬ್ರು ನಿಮ್ಮ ರಿಪೋರ್ಟ್ ನನ್ನ ಮುಂದ ಹಿಡದಾರ ಸರ. ಲೈನ್ ಪಾಸ್ ಅದ, ಕೆಲಸ ಮಾಡ್ಲಿಕ್ಕ ನಿಂಗ ಮೈಗಳ್ಳತನ, ಸೋಮವಾರ ಸೇಡಂಗ ಬಂದು ಶಾಖೆ ಕೀಲಿಕೈ ಒಪ್ಪಿಸು ಅಂದಾರ. ನಾ ಸುಳ್ಳ ಹೇಳ್ಲಿಕತ್ತಿಲ್ಲರಿ. ಒಮ್ಮೆ ಬಂದು ನಿಮ್ಮ ಕಣ್ಣಿಲೆ ನೋಡ್ರಿ."

ನಾನು ಹೂಂ ಎಂದೆ. ಅವಳ ಮೇಲಿನ ಕನಿಕರಕ್ಕಲ್ಲ, ಖರೇ ಹೇಳಬೇಕೆಂದರೆ, ಅವಳ ಕಂಪ್ಯೂಟರೇ ಕೆಟ್ಟಿದೆ ಎಂದು ಎದುರಿಗೆ ನಿಂತು ತೋರಿಸಬೇಕು ಎಂಬ ಹಟಕ್ಕೆ.

ಶನಿವಾರ ಕೋಡ್ಲಾ ಕಡೆಯ ಸಿಮೆಂಟ್ ಲಾರಿಗಳ ಹಿಂದೆ ಧೂಳು ಕುಡಿಯುತ್ತಾ ಸೇಡಂ ಮುಟ್ಟಿದಾಗ ನನ್ನ ಹುಬ್ಬು ಬೆಳ್ಳಗಾಗಿತ್ತು. ಡಬ್ಬಿ ಜೋಡಿಸಿ ಚಾಲೂ ಮಾಡಿ, "ನಾ ಚಂದಾಪುರದಿಂದ ಫೋನ್ ಮಾಡಿದಾಗ ಪರದೆ ಓದಿ ಹೇಳ್ರಿ ಕಾಕಾ" ಎಂದೆ. ರೊಟ್ಟಿ ಗಂಟು ತನ್ನ ಜಾಗದಲ್ಲೇ ಇತ್ತು. ಮತ್ತೆ ಗಾಡಿ ಹತ್ತಿದೆ.

ಚಂದಾಪುರ ಶಾಖೆಯ ಮುಂದೆ ರೈತರ ಸಾಲು ರಸ್ತೆತನಕ ಬಂದಿತ್ತು. ಒಬ್ಬ ಹೆಬ್ಬೆರಳನ್ನು ಧೋತರಕ್ಕೆ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದ, ದೋಷ ತನ್ನ ಬೆರಳಿನದೇ ಎಂದುಕೊಂಡು. ಒಳಗೆ ಆ ಹೆಣ್ಣುಮಗಳು ಎದ್ದು ನಿಂತು ನೀರು ಕೊಟ್ಟಳು. ಜಗಳವಾಡಲು ಸಿದ್ಧನಾಗಿ ಬಂದವನಿಗೆ ನೀರು ಕೊಟ್ಟರೆ ಏನು ಮಾಡುವುದು? ಕುಡಿದೆ. ಮೇಜಿನ ಮೇಲೆ ಒಂದು ನೋಟುಪುಸ್ತಕ ಇತ್ತು. ಲೈನು ಯಾವ ದಿನ ಎಷ್ಟು ಗಂಟೆಗೆ ಬಿತ್ತು, ಯಾವಾಗ ಎದ್ದಿತು, ಯಾರ ಹೆಬ್ಬೆಟ್ಟು ನಿಂತಿತು ಎಂದು ಪುಟಗಟ್ಟಲೆ ಬರೆದಿದ್ದಳು. ಪಕ್ಕದಲ್ಲಿ ಅಂಟಿಸಿದ ಒಂದು ಲಕೋಟೆ, ಮೇಲೆ 'ಮ್ಯಾನೇಜರ್ ಅವರಿಗೆ' ಎಂದಿತ್ತು. ಒಳಗೆ ಕೀಲಿಕೈಯ ಉಬ್ಬು ಕಾಣುತ್ತಿತ್ತು.

ತಲೆ ಎತ್ತಿ ಗೋಡೆಯ ಲೈನ್ ಡಬ್ಬಿ ನೋಡಿದೆ. ಶಿವನೇ! ಡಬ್ಬಿಗೆ ಕುಂಕುಮ, ಅದಕ್ಕೊಂದು ಚೆಂಡುಹೂವಿನ ಹಾರ, ಹಾರದ ನಡುವೆ ನಿಂಬೆಹಣ್ಣಿನ ಜೊತೆಗೆ ಕೆಂಪು ದಾರದಲ್ಲಿ ಜೋತಾಡುತ್ತಿತ್ತು ನನ್ನ ಲೂಪು. ಕಾವಲುಗಾರ ಹೆಮ್ಮೆಯಿಂದ ಮುಂದೆ ಬಂದ.

"ನೀವು ಕಳ್ಸಿದ ತಾಯತ ಸಾಹೇಬ್ರ. ಜಳಕ ಮಾಡಿ ಮಡಿಲೆ ಜೋಡ್ಸೀನಿ. ದಿನಾ ಊದಿನಕಡ್ಡಿ ಹಚ್ತೀನಿ."

"ತಾಯತ ಅಂತ ಯಾರ್ ಹೇಳಿದ್ರೋ ನಿಂಗ?"

"ದೇವರ ದಾರ ಕಟ್ಟೀರಲ್ರಿ. ಲೈನಿಗಿ ದೃಷ್ಟಿ ಆಗಬಾರ್ದು ಅಂತ ಕಳ್ಸೀರಿ ಅಂದ್ಕೊಂಡೆ."

ಬೈಯಲು ಬಾಯಿ ತೆರೆದವನಿಗೆ ಆಗ ಹೊಳೆಯಿತು. ಈ ಲೂಪು ಅಂದಿನಿಂದಲೂ ಇಲ್ಲಿ ಹೂವಿನ ನಡುವೆ ಜೋತಾಡುತ್ತಿದ್ದರೆ, ನಾನು ಸೇಡಂನಿಂದ ಕಳಿಸಿದ್ದನ್ನು ಅವತ್ತು ತಿರುಗಿಸಿ ಕಳಿಸಿದ್ದು ಯಾರು?

ಕಾಕಾಗೆ ಫೋನ್ ಹಚ್ಚಿದೆ. "ಪರದೆ ಮ್ಯಾಲ ಏನದ?"

"ಹಸರ ಅದರಿ ಸಾಹೇಬ್ರ. ಪಾಸ್."

ಲೈನ್ ಡಬ್ಬಿಯಿಂದ ಕೇಬಲ್ಲನ್ನು ಕಿತ್ತು ಕೈಯಲ್ಲಿ ಹಿಡಿದೆ. "ಈಗ?"

"ಈಗೂ ಪಾಸ್ ರಿ."

"ಕಾಕಾ, ಕೇಬಲ್ ನನ್ನ ಕೈಯಾಗ ಅದ! ನನ್ನ ಮನಸ್ಸ ನೋಯ್ತದ ಅಂತ ಪಾಸ್ ಅನಬ್ಯಾಡ್ರಿ!"

"ನಿಮ್ಮ ಆಣಿಗೂ ಪಾಸ್ ಅದರಿ, ನಾ ಏನ್ ಮಾಡ್ಲಿ?"

ನಂಬಿಕೆ ಬರಲಿಲ್ಲ, ಫೋಟೋ ಕಳಿಸಿ ಎಂದೆ. ಮೊದಲು ಅವರ ಹೆಬ್ಬೆರಳಿನ ಫೋಟೋ ಬಂತು. ಎರಡನೆಯದರಲ್ಲಿ ಎಲ್ಲವೂ ಕಾಣಿಸಿತು. ಪರದೆ ಖರೇನೇ ಹಸಿರು. ಕಾಕಾರ ಊಟದ ಹೊತ್ತಾಗಿತ್ತು, ರೊಟ್ಟಿ ಗಂಟು ಕೆಳಗಿಳಿದಿತ್ತು. ಅದರ ಸೆರಗು ಮುಚ್ಚಿದ್ದ ತೂತಿನಿಂದ ಕೆಂಪು ದಾರವೊಂದು ನನ್ನನ್ನೇ ನೋಡುತ್ತಾ ಜೋತುಬಿದ್ದಿತ್ತು.

ನಾನು ಕಳಿಸಿದ್ದು ಚಿಂಚೋಳಿ ದಾರಿಯನ್ನೇ ಹಿಡಿದಿರಲಿಲ್ಲ. ಒಂದು ಗೇಣು ಹೋಗಿ ಪಕ್ಕದ ತೂತಿನಿಂದ ತಿರುಗಿ ಬಂದಿತ್ತು. ಅದಕ್ಕೇ ಅಷ್ಟು ಬೇಗ. ಇನ್ನೂ ನಾಚಿಕೆಗೇಡು ಎಂದರೆ, ಮರೆತುಬಂದ ಆ ಲೂಪೇ ದಿನವಿಡೀ ಲೈನಿಗೆ ಅಡ್ಡ ನಿಂತು, ಬಂದದ್ದನ್ನೆಲ್ಲ ಹಿಂದಕ್ಕೆ ತಳ್ಳಿ ಕೆಲಸ ಕೆಡಿಸುತ್ತಿತ್ತು. ಚೆಂದವಾಗಿದ್ದ ಲೈನು ನನ್ನ ಪರೀಕ್ಷೆಯಿಂದಲೇ ಕೆಟ್ಟಿತ್ತು. ಅವಳು ಮೊದಲ ದಿನವೇ ಹೇಳಿದ್ದಳು.

"ಕಾಕಾ, ಆ ಕೆಂಪು ದಾರದ್ದು ಕಿತ್ತು ತೆಗೀರಿ."

"ತೆಗೀಬಹುದೇನ್ರಿ? ದೇವರದು ಅಂತ ಇಷ್ಟ ದಿನ ಮುಟ್ಟೇ ಇಲ್ಲ."

ತೆಗೆದರು. ನಾನು ಇಲ್ಲಿ ಕೇಬಲ್ ಹಾಕಿದೆ. ಧೋತರದವನು ಹೆಬ್ಬೆರಳು ಒತ್ತಿದ. ಹೋಯಿತು. ಅವನ ಹಿಂದಿನವನದೂ ಹೋಯಿತು, ಅವನ ಹಿಂದಿನವನದೂ. "ಸಾಹೇಬ್ರ ಕೈಗುಣ!" ಎಂದು ಯಾರೋ ಕೂಗಿದರು. ನೆಲ ಬಾಯಿ ಬಿಟ್ಟರೆ ಸಾಕೆನಿಸಿತು.

ಅವಳು ನೋಟುಪುಸ್ತಕ ತೆರೆದು ಲೈನು ಎದ್ದ ಗಂಟೆ ಬರೆದುಕೊಂಡಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನು ಮ್ಯಾನೇಜರಿಗೆ ಫೋನ್ ಮಾಡಿ, ಅವಳಿಗೆ ಕೇಳಲಿ ಎಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಹಳೆಯ ವರದಿ ತಪ್ಪು ಎಂದೆ.

"ಅದ್ಹೆಂಗ್ರಿ? ಎರಡ ಕಡೆ ಸಹಿ ಅದ. ಯಾರ್ ತಪ್ಪ ಬರದ್ರು?"

ಸಾಲಿನಲ್ಲಿದ್ದವರೆಲ್ಲ ಕಿವಿ ಕೊಟ್ಟು ನಿಂತಿದ್ದರು. "ನಾನ ಬರದೀನ್ರಿ. ಲೈನ್ ಕೆಡ್ಸಿದಾಂವನೂ ನಾನ. ಈ ಹೆಣ್ಣಮಗಳು ಹೇಳಿದ್ದು ಒಂದೊಂದು ಅಕ್ಷರ ಖರೇ ಅದ. ಆಕಿ ಸೋಮವಾರ ಬರೋದು ಬ್ಯಾಡ, ನಾ ಬಂದು ನಿಮ್ಮ ಮುಂದ ನಿಂದರ್ತೀನಿ."

"ಹೊಸಾ ರಿಪೋರ್ಟ್ ತಗೊಂಡು ಬರ್ರಿ, ಆಮ್ಯಾಲ ನೋಡೋಣ" ಎಂದು ಮ್ಯಾನೇಜರ್ ಫೋನ್ ಇಟ್ಟರು.

ಊಟದ ಬಿಡುವಿನಲ್ಲಿ ಹೊಸ ಪರೀಕ್ಷೆಗೆ ಕೂತೆವು. ನಿಂಬೆಹಣ್ಣಿನ ಪಕ್ಕದಿಂದ ಲೂಪನ್ನು ಬಿಚ್ಚಿ, ಕುಂಕುಮ ಒರೆಸಿ, ಕೇಬಲ್ಲಿನ ತುದಿಗೆ ಜೋಡಿಸಿದೆ. ಕಾವಲುಗಾರ ಹಾರವನ್ನು ಮಾತ್ರ ತೆಗೆಯಗೊಡಲಿಲ್ಲ. ಸೇಡಂನಿಂದ ಕಾಕಾ "ಹಸರ ಆತ್ರಿ, ಪಾಸ್!" ಎಂದು ಕೂಗಿದರು. ಪಾಸ್ ಎಂದು ಬರೆಯಲು ಪೆನ್ನು ಎತ್ತಿದೆ.

"ತಡೀರಿ ಸರ" ಎಂದಳು ಅವಳು. ಎದ್ದು ಹೋಗಿ ಲೈನ್ ಡಬ್ಬಿಯಿಂದ ಕೇಬಲ್ಲನ್ನು ತಾನೇ ಕಿತ್ತಳು. ಫೋನಿನ ಮೇಲೆ ಬಾಗಿದಳು. "ಕಾಕಾ, ಈಗ ಏನ್ ತೋರಸ್ಲಿಕತ್ತದ?"

ಕಾಕಾ ಕೆಮ್ಮಿದರು. "ಊಟ ಆತೇನವ್ವ?"

"ಕಾಕಾ, ಖರೇ ಹೇಳ್ರಿ. ನಂಗೇನೂ ಬ್ಯಾಸರ ಆಗಂಗಿಲ್ಲ."

"ಕೆಂಪ ಆಗ್ಯದವ್ವ" ಎಂದರು ಕಾಕಾ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಹೇಳುವ ದನಿಯಲ್ಲಿ. "ಫೇಲ್ ಅಂತ ಬರದದ. ನಾ ಏನೂ ಮುಟ್ಟಿಲ್ಲ ನೋಡು."

ಇಷ್ಟು ವರ್ಷದಲ್ಲಿ ಫೇಲ್ ಎಂಬ ಮಾತು ಕೇಳಿ ನಾನು ಖುಷಿಪಟ್ಟದ್ದು ಅದೇ ಮೊದಲು. ಅವಳು ಕೇಬಲ್ ಹಾಕಿದಳು, ಮತ್ತೆ ಹಸಿರು. ನಾನು ಪರೀಕ್ಷೆ ಮಾಡಿದವರು ಎಂಬಲ್ಲಿ ಸಹಿ ಮಾಡಿ, ಖಾತ್ರಿ ಮಾಡಿಕೊಂಡವರು ಎಂಬ ಜಾಗವನ್ನು ಅವಳ ಕಡೆ ತಿರುಗಿಸಿದೆ. ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದಳು. ಸಹಿ ಹಾಕಿದಳು. ಆಮೇಲೆ ಆ ಲಕೋಟೆಯನ್ನು ಹರಿದು, ಕೀಲಿಕೈ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡು, ಹೊರಗಿನ ಸಾಲಿಗೆ ಕೇಳುವಂತೆ "ಬರ್ರಿ, ಮುಂದಿನವ್ರು" ಎಂದು ಕೂಗಿದಳು.