ಸೇಲಂನ ಆದೇಶ ಭದ್ರಾವತಿಗೆ ಬಂದಾಗ

ಕೊರೊನಾ ಕಳೆದು ಕೋರ್ಟುಗಳು ಮತ್ತೆ ತುಂಬಿಕೊಂಡ ವರ್ಷ. ಶಿವಮೊಗ್ಗದಲ್ಲಿ ಮನೆ, ಭದ್ರಾವತಿ ಕೋರ್ಟಿನಲ್ಲಿ ವಕೀಲಿಕೆ. ನನ್ನ ವೃತ್ತಿಯ ಕೊನೆಯ ದಿನಗಳವು. ಬೆಳಗಿನ ಖಾಸಗಿ ಬಸ್ಸಿನ ಕಂಡಕ್ಟರ್ "ಲಾಯರಮ್ಮಂಗೆ ಜಾಗ ಬಿಡ್ರೀ" ಎಂದು ಕೂಗುತ್ತಿದ್ದ. ಅಷ್ಟು ಮರ್ಯಾದೆ ನನಗೆ ಮನೆಯಲ್ಲೂ ಸಿಕ್ಕಿದ್ದಿಲ್ಲ. ಈಗಲೂ ಆ ಬಸ್ಸು ಕಂಡರೆ ಹತ್ತಿಬಿಡೋಣ ಅನ್ನಿಸುತ್ತದೆ.

ಒಂದು ದಿನ ಸೆಲ್ವಿ ಬಂದಳು. ಭದ್ರಾವತಿಯ ಕಾರ್ಖಾನೆ ಕಾರ್ಮಿಕರ ತಮಿಳು ಮನೆತನದವಳು. ತಾಯಿಯ ತಮ್ಮ ಮುರುಗೇಶನನ್ನೇ ಮದುವೆಯಾಗಿ ಸೇಲಂಗೆ ಹೋಗಿದ್ದಳು. ಅಲ್ಲೇ ವಿಚ್ಛೇದನವಾಗಿ, ಮಗಳಿಗೆ ತಿಂಗಳು ತಿಂಗಳು ಜೀವನಾಂಶ ಕೊಡಬೇಕೆಂದು ಅಲ್ಲಿನ ಕೋರ್ಟು ಆದೇಶಿಸಿತ್ತು. ಮುರುಗೇಶ ಕೊಡಲಿಲ್ಲ, ಸದ್ದಿಲ್ಲದೆ ಭದ್ರಾವತಿಯ ತಾಯಿ ಮನೆ ಸೇರಿಕೊಂಡಿದ್ದ.

"ಅಲ್ಲಿ ಕೇಳಿದ್ರೆ ಭದ್ರಾವತೀಲಿದ್ದಾರೆ ಅಂತಾರೆ, ಇಲ್ಲಿ ಕೇಳಿದ್ರೆ ಸೇಲಂಗೆ ಹೋಗು ಅಂತಾರೆ. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆ ಮೇಡಂ. ಈಗ ಸೇರಿಸ್ದೇ ಇದ್ರೆ ಕೈತಪ್ಪುತ್ತೆ" ಎಂದಳು.

ಬೇರೆ ರಾಜ್ಯದ ಆದೇಶ ಸರಿಯೋ ತಪ್ಪೋ ಎಂದು ಇಲ್ಲಿ ವಿಚಾರಿಸುವಂತಿರಲಿಲ್ಲ. ಆದರೆ ಜೀವನಾಂಶ ಕೊಡಬೇಕಾದವನು ಎಲ್ಲಿದ್ದಾನೋ ಅಲ್ಲಿನ ಮ್ಯಾಜಿಸ್ಟ್ರೇಟರು ಅದನ್ನು ಜಾರಿ ಮಾಡಬಹುದಿತ್ತು. ನಾನು ಅರ್ಜಿ ಹಾಕಿದೆ. "ನಮ್ಮ ಕಕ್ಷಿದಾರ ಸೇಲಂ ನಿವಾಸಿ, ಈ ಕೋರ್ಟಿಗೆ ವ್ಯಾಪ್ತಿಯೇ ಇಲ್ಲ" ಎಂದು ಎದುರಿನ ವಕೀಲರು ಪಟ್ಟು ಹಿಡಿದರು. ಆಧಾರ್ ಕಾರ್ಡಿನಲ್ಲೂ ಸೇಲಂ ವಿಳಾಸ. ಕಕ್ಷಿದಾರ ಮಾತ್ರ ಪ್ರತಿ ವಾಯಿದೆಗೂ ನಾಪತ್ತೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಅವನನ್ನು ಕೈಹಿಡಿದು ಕರೆತಂದವರು ಅವನ ತಾಯಿ, ಅಂದರೆ ಸೆಲ್ವಿಯ ಅಜ್ಜಿ. ಮ್ಯಾಜಿಸ್ಟ್ರೇಟರು ಕಾಗದಪತ್ರ ಪಕ್ಕಕ್ಕಿಟ್ಟು, "ಈಗ ಎಲ್ಲಿರೋದಪ್ಪ ನೀವು?" ಎಂದು ಕೇಳಿದರು. ಮುರುಗೇಶ ತನ್ನ ವಕೀಲರ ಮುಖ ನೋಡಿದ.

"ಅವರನ್ಯಾಕೋ ನೋಡ್ತೀಯ? ದಿನಾ ನನ್ ಕೈಲಿ ಸಾರು ಬಡಿಸ್ಕೊಂಡು ಉಣ್ತೀಯಲ್ಲ, ಆಗೆಲ್ಲಿತ್ತೋ ನಿನ್ನ ಸೇಲಂ?" ಎಂದರು ಅಜ್ಜಿ.

ಕೋರ್ಟು ಹಾಲೇ ನಕ್ಕಿತು. "ಇಲ್ಲೇ ಸ್ವಾಮಿ, ಅಮ್ಮನ ಹತ್ರ" ಎಂದ ಮುರುಗೇಶ. ವ್ಯಾಪ್ತಿಯ ವಾದ ಅಲ್ಲಿಗೆ ಮುಗಿಯಿತು. ಆದೇಶ ಜಾರಿಯಾಗಿ ಹುಡುಗಿ ನರ್ಸಿಂಗ್ ಸೇರಿದಳು.

ಅಂದು ಹೊರಗೆ ಬರುವಾಗ ಮೆಟ್ಟಿಲ ಮೇಲೆ ಅಜ್ಜಿ ತಡವರಿಸಿದರು. ಸೆಲ್ವಿ ಒಂದು ಕೈ ಹಿಡಿದು, "ಮಾಮಾ, ಆ ಕಡೆ ನೀವು ಹಿಡ್ಕೊಳ್ಳಿ" ಎಂದಳು. ಅವನು ಹಿಡಿದುಕೊಂಡ. ಅರ್ಜಿಯುದ್ದಕ್ಕೂ ನಾನು ಅವನನ್ನು ಎದುರುದಾರ ಎಂದು ಬರೆದಿದ್ದೆ. ವಿಚ್ಛೇದನದಲ್ಲಿ ಹೋದವನು ಗಂಡ. ಸೋದರಮಾವ ಹಾಗೇ ಉಳಿದಿದ್ದ. ಆಮೇಲೆ ನಾನು ಕಪ್ಪು ಕೋಟು ಕಳಚಿಡುವವರೆಗೂ, ಯಾರೇ ಕೇಸು ತಂದರೂ ಎದುರುದಾರರ ಬಗ್ಗೆ ಮೊದಲು ಕೇಳುತ್ತಿದ್ದದ್ದು ಇಷ್ಟೇ: "ಅವರು ನಿಮಗೆ ಇನ್ನೂ ಏನಾಗಬೇಕು?"