ತಣ್ಣನೆಯ ಕೈಗೆ ಎಲ್ಲ ಹಣೆಯೂ ಬಿಸಿ

ಬೆಳಿಗ್ಗೆ ಏಳೂವರೆಗೆ ಶಿಶುವಿಹಾರದ ಬೀಗ ತೆಗೆದ ಕೂಡಲೇ ಆಕೆ ಕೈ ತೊಳೆದು ಒರೆಸಿಕೊಂಡು, ಎರಡೂ ಅಂಗೈಗಳನ್ನು ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ತಣ್ಣನೆಯ ಕೈಗೆ ಎಲ್ಲ ಹಣೆಯೂ ಬಿಸಿಯೇ ಎಂಬುದು ಇಪ್ಪತ್ತೆರಡು ವರ್ಷದ ಅನುಭವ. ‘ದೇವರೇ, ಇವತ್ತು ಯಾರನ್ನೂ ವಾಪಸ್ ಕಳಿಸೋ ಹಾಗೆ ಮಾಡಬೇಡ’ ಎಂದು ಬಾಯೊಳಗೇ ಅಂದುಕೊಂಡು ಹೊಸಿಲಲ್ಲಿ ನಿಂತರೆ, ಒಂದು ಮಗುವನ್ನೂ ಹಣೆ ಮುಟ್ಟದೆ ಒಳಗೆ ಬಿಟ್ಟವಳಲ್ಲ. ಮಕ್ಕಳ ಬಾಯಲ್ಲಿ ಅವಳು ಬಾಗಿಲಜ್ಜಿ. ದೊಡ್ಡವರಿಗೂ ಅದೇ ರೂಢಿಯಾಗಿತ್ತು.

ಅಲ್ಲಿಯ ನಿಯಮ ಒಂದೇ. ಔಷಧಿ ಇಲ್ಲದೆ ಒಂದು ಪೂರ್ತಿ ದಿನ ಜ್ವರ ಬಾರದಿದ್ದರೆ ಮಾತ್ರ ಮಗು ಒಳಗೆ. ಹೇಳುವುದು ಸುಲಭ. ಕೆಲಸಕ್ಕೆ ಓಡುವ ತಾಯಂದಿರು ಸಿರಪ್ ಕುಡಿಸಿ ಕರೆತರುತ್ತಿದ್ದರು. ಬಾಗಿಲಲ್ಲಿ ತಣ್ಣಗಿದ್ದ ಹಣೆ ಹನ್ನೊಂದರ ಹೊತ್ತಿಗೆ ಕೆಂಡ. ಅದಕ್ಕೇ ಬಾಗಿಲಜ್ಜಿ ಮುಟ್ಟುವಾಗಲೇ ಮೂಗು ಹತ್ತಿರ ತಂದು ಮಗುವಿನ ಬಾಯಿಯ ವಾಸನೆಯನ್ನೂ ನೋಡುತ್ತಿದ್ದಳು. ಅವಳ ಕಣ್ಣಿಗೆ ಮಣ್ಣೆರಚಬಹುದಿತ್ತು, ಮೂಗಿಗೆ ಆಗುತ್ತಿರಲಿಲ್ಲ.

ಸೋಮವಾರ ಹಾಗೆ ಸಿಕ್ಕಿಬಿದ್ದವಳು ಗಾರ್ಮೆಂಟ್ಸಿನಲ್ಲಿ ಗುಂಡಿ ಹೊಲಿಯುವ ಹುಡುಗಿ.

“ಇವತ್ತೊಂದಿನ ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಬಿದ್ರೆ ಎತ್ತೋರ್ಯಾರಮ್ಮ, ನನಗೇ ಬಗ್ಗೋಕಾಗಲ್ಲ. ಒಳಗೆ ಏಳು ತಿಂಗಳಿಗೇ ಹುಟ್ಟಿದ ಕೂಸಿದೆ. ಅದಕ್ಕೆ ಅಂಟಿದ್ರೆ?”

ಮಗುವನ್ನು ಹೆಗಲಿಗೇರಿಸಿ ತಿರುಗಿದ ಹುಡುಗಿಯ ಬೆನ್ನು ಮೂರು ದಿನವಾದರೂ ಬಾಗಿಲಜ್ಜಿಯ ಕಣ್ಣಿಂದ ಹೋಗಲಿಲ್ಲ.

ಗುರುವಾರ ಸೊಸೆ ಬಂದಳು, ಮೂರು ವರ್ಷದ ಮೊಮ್ಮಗನನ್ನು ಎತ್ತಿಕೊಂಡು. ಅಜ್ಜಿ ಮನೆ ಬಿಡುವಾಗ ಅವನಿನ್ನೂ ಮಲಗಿದ್ದ. ಮಗ ಲಾರಿ ಹತ್ತಿ ಹೋಗಿ ನಾಲ್ಕು ದಿನ. ಸೊಸೆಗೆ ಬ್ರೆಡ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಐದು ವಾರ. ಆಗಲೇ ಎರಡು ರಜೆ. ಮೂರನೆಯದಾದರೆ ಬರಲೇಬೇಡ ಎಂದಿದ್ದರು.

ಹಣೆ ತಣ್ಣಗಿತ್ತು. ಬಾಯಲ್ಲಿ ಸಿರಪ್ಪಿನ ವಾಸನೆಯಿಲ್ಲ. ಆದರೆ ಟೂತ್‌ಪೇಸ್ಟು ಘಮ್ಮೆಂದಿತು. ಹಲ್ಲುಜ್ಜು ಅಂದರೆ ಮನೆಯನ್ನೇ ತಲೆ ಮೇಲೆ ಹೊತ್ತು ಕುಣಿಯುವ ಹುಡುಗ!

“ಏನೋ ರಾಜ, ಹಲ್ಲುಜ್ಜಿದ್ಯಾ?”

“ಎಲಡು ಸಲ!” ಹುಡುಗ ಬೆರಳು ತೋರಿಸಿದ. “ಔಷಧಿ ಕುಡಿದ್ಮೇಲೆ ಇನ್ನೊಂದ್ಸಲ.”

ಸೊಸೆ ತಲೆ ತಗ್ಗಿಸಿದಳು. ಮೂಗಿನ ಗುಟ್ಟನ್ನು ಊಟಕ್ಕೆ ಕೂತಾಗ ನಗುತ್ತ ಅವಳಿಗೆ ಹೇಳಿಕೊಟ್ಟವಳು ಅತ್ತೆಯೇ.

“ನೀವು ಹೊರಟ ಮೇಲೆ ಜ್ವರ ಬಂತು ಅತ್ತೆ.”

“ಒಂದು ಫೋನ್ ಮಾಡೋಕೇನೇ ಆಗಿತ್ತು ನಿಂಗೆ?”

“ಮಾಡಿದ್ರೆ ನೀವು ರಜೆ ಹಾಕ್ತೀರಿ. ಮೊಣಕಾಲಿನ ಆಪರೇಷನ್ನಿಗೆ ಅಂತ ಒಂದೊಂದೇ ಕೂಡಿಟ್ಟ ರಜೆ ಅದು.”

ಮಾತು ನಿಜ. ಡಾಕ್ಟರು ಹೇಳಿದ್ದು ಇಪ್ಪತ್ತು ದಿನ; ಎರಡು ವರ್ಷ ಕಾದು ಹತ್ತೊಂಬತ್ತು ಸೇರಿಸಿದ್ದಳು. ಈ ಜ್ವರ ಅದರಲ್ಲಿ ಮೂರನ್ನಾದರೂ ತಿನ್ನದೆ ಬಿಡದು. ಅಂದರೆ ಆಪರೇಷನ್ ಮತ್ತೆ ದೂರ. ಬಾಗಿಲಜ್ಜಿ ನಿಟ್ಟುಸಿರಿಟ್ಟು ಕೈ ಚಾಚಿದಳು.

“ಕೊಡಿಲ್ಲಿ. ನಿನ್ನ ಬಸ್ಸು ತಪ್ಪುತ್ತೆ, ಓಡು. ಇನ್ನೊಂದ್ಸಲ ನನ್ನ ಮೂಗಿಗೆ ಟೋಪಿ ಹಾಕೋದಾದ್ರೆ ಪೇಸ್ಟು ಸ್ವಲ್ಪ ಕಮ್ಮಿ ಹಾಕು.”

ಅಳುವೋ ನಗುವೋ ತಿಳಿಯದ ಮುಖ ಹೊತ್ತು ಸೊಸೆ ಓಡಿದಳು.

ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದ ಮೇಡಂ ಹೊರಗೆ ಬಂದರು. ಶಿಶುವಿಹಾರ ನಡೆಸುವವರು ಅವರೇ. “ಅಜ್ಜಿ, ನನ್ನ ರೂಮಲ್ಲಿ ಮಲಗಿಸಿಬಿಡಿ. ಕೂಸಿನ ಕೋಣೆ ಆ ಕೊನೇಲಿದೆ. ಬಾಗಿಲು ಹಾಕಿಟ್ರೆ ಯಾರಿಗೆ ಗೊತ್ತಾಗುತ್ತೆ? ನಿಮ್ಮ ಕಾಲು ನೋಡಿ ಹೇಳ್ತಿದ್ದೀನಿ.”

ಮೇಡಂ ರೂಮಿನ ಮೆತ್ತನೆಯ ಸೋಫಾ ಅಲ್ಲಿಂದಲೇ ಕಾಣುತ್ತಿತ್ತು. ಮೊಣಕಾಲು ಸಿಡಿಯುತ್ತಿತ್ತು. ಕುತ್ತಿಗೆಗೆ ತಾಗುತ್ತಿದ್ದ ಹುಡುಗನ ಉಸಿರು ಬಿಸಿಯಾಗತೊಡಗಿತ್ತು. ಬಾಗಿಲಜ್ಜಿ ಆ ಸೋಫಾವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕೊರಳಿನ ಬೀಗದ ಕೈ ತೆಗೆದು ಮೇಡಂ ಕೈಗಿಟ್ಟಳು.

“ಇನ್ನೂ ಆರು ಮಕ್ಕಳು ಬರೋದಿದೆ. ಕೈ ಉಜ್ಜಿಕೊಂಡು ಮುಟ್ಟಿ, ತಣ್ಣಗಿದ್ರೆ ಮೋಸ ಹೋಗ್ತೀರಿ.”

“ಅಜ್ಜಿ, ನಾನು ಹೇಳಿದ್ದು…”

“ಒಳ್ಳೇ ಮನಸ್ಸು ಮೇಡಂ ನಿಮ್ಮದು. ಆದ್ರೆ ಸೋಮವಾರಾನೂ ಈ ರೂಮು ಇಲ್ಲೇ ಇತ್ತು. ಆ ಗುಂಡಿ ಹುಡುಗಿಗೆ ನಾವು ತೋರಿಸಲಿಲ್ಲ. ಬೇಡ, ರಜೆ ಬರ್ಕೊಳ್ಳಿ.”