ಮಗಳು ತಟ್ಟೆಯಲ್ಲಿ ಬಿಟ್ಟ ತುತ್ತು

ಮಗಳಿಗೆ ಹದಿನಾಲ್ಕು ತುಂಬಿದ ವರ್ಷ ಅವಳ ರಕ್ತದ ಸಕ್ಕರೆ ಗಡಿಯ ಮೇಲೆ ಬಂದು ನಿಂತಿತ್ತು. ನೆದರ್‌ಲ್ಯಾಂಡ್ಸಿನ ವೂರ್‌ಬರ್ಗ್‌ನಲ್ಲಿ ನಮ್ಮ ಮನೆಮಂದಿಯನ್ನೆಲ್ಲ ನೋಡುವ ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿ, ಇದಿನ್ನೂ ಡಯಾಬಿಟಿಸ್ ಅಲ್ಲ, ಆದರೆ ಹೀಗೇ ಹೋದರೆ ಬರುತ್ತದೆ, ತೂಕ ಇಳಿಯಬೇಕು ಎಂದರು. ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ನನ್ನ ಕೂಸು ಮೈಕೈ ತುಂಬಿಕೊಂಡು ಲಕ್ಷಣವಾಗಿದೆ, ಅದನ್ನು ಅಳೆದು ತೂಗಿ ದಪ್ಪ ಎನ್ನಲು ಇವರ್ಯಾರು? ಮನೆಗೆ ಬಂದವಳೇ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಯ ಮೇಲೆ ಸುಟ್ಟೆ. ಸ್ಮೋಕ್ ಅಲಾರಂ ಹೊಡೆದುಕೊಂಡಿತು. ಊಟದ ಮೇಜಿನ ಮೇಲೆ ಆಫೀಸು ಹರಡಿಕೊಂಡು ಮೀಟಿಂಗ್‌ನಲ್ಲಿ ಕೂತಿದ್ದ ಗಂಡ ಮ್ಯೂಟ್ ಒತ್ತಿ, "ದೃಷ್ಟಿ ತಗದ್ರ ಶುಗರ್ ಇಳಿತದೇನು?" ಎಂದು ಕೇಳಿ ಮತ್ತೆ ಮೀಟಿಂಗಿಗೆ ತಿರುಗಿದರು.

ಸಿಟ್ಟು ಇಳಿದ ಮೇಲೆ ಭಯ ಬಂತು. ನನ್ನ ಅವ್ವ ಸಕ್ಕರೆ ಕಾಯಿಲೆಯಿಂದ ಕಾಲಿನ ಎರಡು ಬೆರಳು ಕಳೆದುಕೊಂಡವಳು. ನನಗೆ ಮೂವತ್ತೆಂಟಕ್ಕೇ ಬಂತು. ಅಡುಗೆಮನೆಯ ಕಿಟಕಿಯಲ್ಲಿಟ್ಟ ಸ್ಟೀಲ್ ಡಬ್ಬಿಯಿಂದ ದಿನಕ್ಕೆರಡು ಮಾತ್ರೆ ನುಂಗುವುದನ್ನು ಮಗಳು ಹುಟ್ಟಿದಾರಭ್ಯ ಎಂಬಂತೆ ನೋಡುತ್ತಲೇ ಬೆಳೆದಿದ್ದಾಳೆ. ಮೂರನೆಯವಳು ಇವಳಾಗಬಾರದು ಎಂಬುದೊಂದೇ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಡಾಕ್ಟರಮ್ಮ ನಮ್ಮನ್ನು ಬಡಾವಣೆಯ ಸಮುದಾಯ ಕೇಂದ್ರಕ್ಕೆ ಕಳಿಸಿದರು. ಇಂಥ ಮಕ್ಕಳಿಗಾಗಿಯೇ ಅಲ್ಲೊಂದು ಕಾರ್ಯಕ್ರಮವಿತ್ತು. ವಾರಕ್ಕೆರಡು ಸಲ ಆಟ, ಒಂದು ಸಲ ತಂದೆತಾಯಿಗಳಿಗೆ ವಿಡಿಯೋದಲ್ಲಿ ಪಾಠ, ಮಕ್ಕಳು ತಿಂದದ್ದನ್ನೆಲ್ಲ ಬರೆದಿಡಲು ಒಂದು ನೋಟ್‌ಬುಕ್. ಕೊರೋನಾದಿಂದ ಹಾಲ್ ಮುಚ್ಚಿದ್ದರಿಂದ ಆಟವೆಲ್ಲ ಹಿಂದಿನ ಮೈದಾನದಲ್ಲಿ. ಮಕ್ಕಳು ಒಳಗೆ, ತಾಯಂದಿರು ಬೇಲಿಯ ಹೊರಗೆ. ನಾನು ಮಾಸ್ಕ್ ಹಾಕಿಕೊಂಡು, ಚಹಾದ ಫ್ಲಾಸ್ಕ್ ಹಿಡಿದು, ಸೈಕಲ್ಲಿಗೆ ಒರಗಿ ನಿಲ್ಲುತ್ತಿದ್ದೆ. ಮೊದಲ ದಿನ ನನ್ನ ಮಗಳು ಮೈದಾನದ ಮೂಲೆಯಲ್ಲಿ ಕೈಕಟ್ಟಿಕೊಂಡು ನಿಂತಿದ್ದಳು. ಆಗ ಕೊಲಂಬಿಯಾದಿಂದ ಬಂದ ಒಬ್ಬ ಹುಡುಗಿ, ಇವಳದೇ ವಯಸ್ಸು, ಇವಳದೇ ಮೈಕಟ್ಟು, ಫೋನಿನಲ್ಲಿ ಹಾಡು ಹಚ್ಚಿ ಇವಳನ್ನು ಕುಣಿಯಲು ಎಳೆದಳು. ಇಬ್ಬರೂ ಏದುಸಿರು ಬಿಡುತ್ತ ನಕ್ಕರು. ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಬಾಡಿ ಹೋಗಿದ್ದ ಮುಖ ಅಷ್ಟು ಅರಳಿದ್ದನ್ನು ನಾನು ಎಷ್ಟೋ ದಿನಗಳಿಂದ ಕಂಡಿರಲಿಲ್ಲ. ಅವತ್ತೇ ಆ ಕೊಲಂಬಿಯಾದ ಕೂಸು ನನಗೂ ಮಗಳಾದಳು.

ಕಾರ್ಯಕ್ರಮ ನಡೆಸುತ್ತಿದ್ದವಳು ಉದ್ದನೆಯ ಡಚ್ ಹುಡುಗಿ, ಮಳೆಯಲ್ಲೂ ಗಾಳಿಯಲ್ಲೂ ಅದೇ ನಗು. ವಿಡಿಯೋ ಪಾಠದಲ್ಲಿ ಸಿಹಿ ಪಾನೀಯ ಬೇಡ ಎಂದಳು, ಒಪ್ಪಿದೆ. ದಿನಾ ಒಂದು ಗಂಟೆ ನಡೆಯಲಿ ಎಂದಳು, ಒಪ್ಪಿದೆ. ಆಮೇಲೆ ಹೇಳಿದಳು: "ಹೊಟ್ಟೆ ತುಂಬಿದ ತಕ್ಷಣ ಮಗು ನಿಲ್ಲಿಸಬೇಕು. ತಟ್ಟೆಯಲ್ಲಿ ಉಳಿದರೆ ಉಳಿಯಲಿ, ಒತ್ತಾಯ ಮಾಡಬೇಡಿ."

ನಾನು ಲ್ಯಾಪ್‌ಟಾಪ್ ಮುಚ್ಚುವುದೊಂದು ಬಾಕಿ. ನಮ್ಮ ಮನೆಯಲ್ಲಿ ತಟ್ಟೆಯಲ್ಲಿ ಅಗುಳು ಬಿಡುವುದೆಂದರೇನು? "ಅನ್ನ ಅಂದ್ರ ದೇವ್ರು. ಇವತ್ತ ನೀ ಬಿಟ್ರ ನಾಳೆ ಅದು ನಿನ್ನ ಬಿಡ್ತದ," ಎಂದು ಅವ್ವ ಬೆಳ್ಳುಳ್ಳಿಯ ಎಸಳಿನ ಸಮೇತ ಸಾರು ನೆಕ್ಕಿಸುತ್ತಿದ್ದಳು. ನಾನೂ ಒಂದು ಉಪಾಯ ಹುಡುಕಿದೆ. ಮಗಳು ಬಿಡಲಿ, ಬಿಟ್ಟದ್ದನ್ನು ನಾನು ತಿನ್ನುತ್ತೇನೆ. ಅದೇನು ಹೊಸದಲ್ಲ, ಅವಳು ಅಂಬೆಗಾಲಿಡುವಾಗಿನಿಂದ ಅವಳ ಎಂಜಲು ನನಗೆ ಎಂಜಲಾಗಿರಲಿಲ್ಲ. ಡಚ್ ಹುಡುಗಿಯ ಮಾತೂ ನಡೆಯಿತು, ಅವ್ವನ ಮಾತೂ ಉಳಿಯಿತು ಎಂದು ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಅರ್ಧ ರೊಟ್ಟಿ, ಸಾರನ್ನ, ಹಬ್ಬ ಬಂದರೆ ಶೇಂಗಾ ಹೋಳಿಗೆಯ ಕಾಲುಭಾಗ, ಎಲ್ಲವನ್ನೂ ಸಿಂಕಿನ ಮುಂದೆ ನಿಂತೇ ಮುಗಿಸುತ್ತಿದ್ದೆ. ಒಮ್ಮೆ ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಮಗಳಿಗೆ ಸಕ್ಕರೆಯ ಕೆಡುಕು ಹೇಳುತ್ತಿದ್ದಾಗ ಗಂಡ, "ಪುರಾಣ ಹೇಳಲಿಕ್ಕ, ಬದನಿಕಾಯಿ ತಿನ್ನಲಿಕ್ಕ," ಎಂದು ನಕ್ಕರು. ಮಗಳು ನಗಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು. ಅದು ಆಗ ನನ್ನ ತಲೆಗೆ ಹತ್ತಲಿಲ್ಲ.

ಚಳಿಗಾಲದಲ್ಲಿ ನನ್ನ ಮಾತ್ರೆ ಎರಡರಿಂದ ಮೂರಾಯಿತು. ಮನೆಯಲ್ಲೇ ಕೂತು ಕೂತು ಹೀಗಾಗಿದೆ ಎಂದುಕೊಂಡೆ. ಅದೇ ಹೊತ್ತಿಗೆ ಮಗಳು ತಟ್ಟೆಯಲ್ಲಿ ಬಿಡುವುದನ್ನು ನಿಲ್ಲಿಸಿದಳು. ತೊಳೆದಿಟ್ಟ ಹಾಗೆ ತಟ್ಟೆ ಖಾಲಿ. ಅಡುಗೆ ರುಚಿಯಾಗಿದೆ ಎಂದು ನಾನು ಹಿಗ್ಗಿದೆ. ಎರಡು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಳಿಯುವುದಿರಲಿ, ಕೂದಲೆಳೆಯಷ್ಟು ಮೇಲೇರಿತ್ತು. ಡಚ್ ಹುಡುಗಿ ನೋಟ್‌ಬುಕ್ ನೋಡಿ, "ಮೊದಲು ಹೊಟ್ಟೆ ತುಂಬಿದ ಕೂಡಲೇ ನಿಲ್ಲಿಸುತ್ತಿದ್ದಳು. ಈಗ ಮನೆಯಲ್ಲಿ ಒತ್ತಾಯ ಏನಾದರೂ?" ಎಂದು ಮೆತ್ತಗೆ ಕೇಳಿದಳು. ಮೈಯೆಲ್ಲ ಉರಿದುಹೋಯಿತು. ಸಿಟ್ಟೆಲ್ಲ ಹೋಗಿ ಬಿದ್ದದ್ದು ಮಗಳ ಮೇಲೆ. ಅವಳ ಬ್ಯಾಗು, ಜಾಕೆಟ್ಟಿನ ಜೇಬು ಎಲ್ಲ ತಡಕಿದೆ. ಒಂದು ಚಿಪ್ಸ್ ಚೂರೂ ಸಿಗಲಿಲ್ಲ.

"ಕದ್ದು ಏನ ತಿಂತಿ, ಖರೇ ಹೇಳು."

"ನಥಿಂಗ್, ಅಮ್ಮ."

"ಮತ್ತ್ಯಾಕ ಇಳಿವಲ್ದು? ನಿನ್ನ ಅಜ್ಜಿ ಕಾಲು ನೆನಪದ ಇಲ್ಲ?"

ಅವಳು ಅಳಲಿಲ್ಲ. ಮೆಟ್ಟಿಲು ಹತ್ತಿ ತನ್ನ ಕೋಣೆಗೆ ಹೋದಳು. ಮೂರು ದಿನ ನನ್ನೊಡನೆ ಮಾತಿಲ್ಲ.

ನಾಲ್ಕನೆಯ ದಿನ ಆಟದ ನಡುವೆ ಕೊಲಂಬಿಯಾದ ಹುಡುಗಿ ಬೇಲಿಯ ಹತ್ತಿರ ಬಂದು, ಒಂದೂವರೆ ಮೀಟರ್ ದೂರದಲ್ಲಿ ನಿಂತಳು. ನಿಧಾನವಾದ ಇಂಗ್ಲಿಷಿನಲ್ಲಿ, ನಾನು ಹೇಳಿದೆ ಎಂದು ಅವಳಿಗೆ ಹೇಳಬೇಡಿ ಎಂದಳು. "ಅವಳು ತಟ್ಟೆಯಲ್ಲಿ ಬಿಟ್ಟರೆ ನೀವು ತಿನ್ನುತ್ತೀರಂತೆ. ನಿಮ್ಮ ಮಾತ್ರೆ ಮೂರಾಗಿದ್ದು ತನ್ನಿಂದಲೇ ಎಂದು ಅವಳು ತಿಳಿದಿದ್ದಾಳೆ. ಅದಕ್ಕೇ ಎಲ್ಲವನ್ನೂ ತಾನೇ ತಿಂದು ಮುಗಿಸುತ್ತಿದ್ದಾಳೆ." ಸ್ವಲ್ಪ ತಡೆದು ಮತ್ತೆ ಹೇಳಿದಳು: "ನಮ್ಮ ಅಜ್ಜಿಯೂ ನಿಮ್ಮ ಹಾಗೇ."

ಹೇಳಿ ಆಟಕ್ಕೆ ಓಡಿದಳು. ನಾನು ಸೈಕಲ್ಲಿನ ಕ್ಯಾರಿಯರ್ ಹಿಡಿದು ನಿಂತೆ. ಮಾಸ್ಕಿನೊಳಗೆ ಅತ್ತರೆ ಕನ್ನಡಕ ಮಂಜಾಗುತ್ತದೆ ಎಂಬುದು ಅವತ್ತು ಗೊತ್ತಾಯಿತು. ಗಡಿಯ ಮೇಲೆ ನಿಂತ ಕೂಸು, ಹಸಿವಿಲ್ಲದಿದ್ದರೂ, ನನ್ನನ್ನು ಕಾಯಲೆಂದು ಉಣ್ಣುತ್ತಿತ್ತು. ಅದರ ಜೇಬು ತಡಕಿದವಳು ನಾನು. ನನ್ನ ಬಗ್ಗೆ ನನಗೇ ಹೇಸಿಕೆಯಾಯಿತು.

ಅವತ್ತು ಸಂಜೆ ಊಟಕ್ಕೆ ರೊಟ್ಟಿ, ಎಣ್ಣೆಗಾಯಿ. ಎಂದಿನಂತೆ ಎರಡು ರೊಟ್ಟಿ ಬಡಿಸಿದೆ. ಒಂದೂಕಾಲು ಮುಗಿಯುತ್ತಲೇ ಮಗಳ ಕೈ ನಿಧಾನವಾಯಿತು. ನೀರು ಕುಡಿದಳು. ಮತ್ತೆ ಚೂರು ಮುರಿದಳು.

"ಸಾಕಾತೇನು?" ಎಂದೆ.

"ಇಲ್ಲ, ತಿಂತೀನಿ."

"ಹೊಟ್ಟಿ ತುಂಬಿದ್ರ ಬಿಡು, ಪುಟ್ಟಿ. ನಾ ತಿನ್ನಂಗಿಲ್ಲ."

ನಂಬಲಿಲ್ಲ. ಹೇಗೆ ನಂಬುತ್ತಾಳೆ? ನಾನು ಅವಳ ತಟ್ಟೆ ಎತ್ತಿಕೊಂಡು ಹಿತ್ತಿಲ ಬಾಗಿಲು ತೆಗೆದೆ. ಅಲ್ಲಿ ತರಕಾರಿ ಸಿಪ್ಪೆ ಹಾಕುವ ಹಸಿರು ತೊಟ್ಟಿ ಇದೆ. ಮುಚ್ಚಳ ತೆಗೆದೆ, ಆದರೆ ತಟ್ಟೆ ಹಿಡಿದ ಕೈ ಬಗ್ಗಲೇ ಇಲ್ಲ. ಹುಟ್ಟಿದಾಗಿನಿಂದ ಒಂದು ತುತ್ತು ಚೆಲ್ಲಿದವಳಲ್ಲ ನಾನು. ತಪ್ಪಾತವ್ವಾ ಎಂದು ಮನಸ್ಸಿನಲ್ಲಿ ಹೇಳಿಕೊಂಡು ಕಣ್ಣು ಮುಚ್ಚಿ ಸುರಿದೆ. ತಿರುಗಿ ನೋಡಿದರೆ ಮಗಳು ಬರೀ ಸಾಕ್ಸಿನಲ್ಲಿ ಹೊಸ್ತಿಲ ಮೇಲೆ ನಿಂತಿದ್ದಳು.

"ಅಮ್ಮ, ನಾಳೆಯಿಂದ ಒಂದೇ ರೊಟ್ಟಿ ಬಡಿಸು. ಬೇಕಾದ್ರೆ ಕೇಳ್ತೀನಿ. ಆವಾಗ ಚೆಲ್ಲೋದೂ ಬೇಡ, ನೀನು ತಿನ್ನೋದೂ ಬೇಡ. ಓಕೆ?"

ಅಷ್ಟೇ ಇದ್ದದ್ದು. ಎರಡು ಬಡಿಸುವ ಕಡೆ ಒಂದು ಬಡಿಸಿದರೆ ಮುಗಿಯಿತು ಎಂಬುದು ನನ್ನ ದೊಡ್ಡ ತಲೆಗೆ ಹೊಳೆದಿರಲಿಲ್ಲ. ಕಡಿಮೆ ಬಡಿಸಿದರೆ ತಾಯಿಯ ಕೈ ಬಿಗಿ ಎನ್ನುತ್ತಾರೆ ಎಂದು ಕಲಿತು ಬಂದವಳು ನಾನು. ಅವಳನ್ನು ಅಪ್ಪಿಕೊಂಡೆ. ಜೇಬು ತಡಕಿದ್ದಕ್ಕೆ ಸಾರಿ ಎಂದೆ. "ಇಟ್ಸ್ ಓಕೆ," ಎಂದವಳು ಬಹಳ ಹೊತ್ತು ನನ್ನನ್ನು ಬಿಡಲಿಲ್ಲ.

ಬೇಸಿಗೆಯ ಹೊತ್ತಿಗೆ ಮತ್ತೆ ಪರೀಕ್ಷೆ. ಡಾಕ್ಟರಮ್ಮ ಪರದೆ ತಿರುಗಿಸಿದರು. ಸಕ್ಕರೆ ಗಡಿಯಿಂದ ಹಿಂದೆ ಸರಿದಿತ್ತು, ಸ್ವಲ್ಪವೇ, ಆದರೆ ಸರಿದಿತ್ತು. ಶಭಾಷ್ ಎನ್ನುವಂತೆ ಅವರು ಹೆಬ್ಬೆರಳು ಎತ್ತಿದರು. ನಾನು ಕೈ ಮುಗಿದೆ. ಮಗಳು ಮಾತ್ರ ಪರದೆಯ ಕಡೆ ಸರಿಯಾಗಿ ನೋಡಲೂ ಇಲ್ಲ. ಡಚ್ಚಿನಲ್ಲಿ ಅವರಿಗೆ ಏನೋ ಕೇಳಿದಳು. ನನಗೆ ಅರ್ಥವಾದದ್ದು 'ಅಮ್ಮ' ಎಂಬ ಒಂದೇ ಮಾತು.

ಡಾಕ್ಟರಮ್ಮ ನನ್ನ ಕಡೆ ತಿರುಗಿ, "ನಿಮ್ಮದೂ ಈಗಲೇ ನೋಡಬೇಕಂತೆ," ಎಂದರು. ನಾನು ತೋಳು ಮೇಲೆ ಸರಿಸಿ ಕೈ ಚಾಚಿದೆ. ಸೂಜಿ ಚುಚ್ಚಿ ಮುಗಿಯುವ ತನಕ ಮಗಳು ನನ್ನ ಇನ್ನೊಂದು ಕೈ ಹಿಡಿದುಕೊಂಡಿದ್ದಳು.